ನಮ್ಮ ಹಳ್ಳಿಗೆ ಹೊಸ ರೆಕ್ಟರ್ ಬೇಕು, ಅವರ ಕೆಲಸ ನಿಜವಾಗಿ ಏನು?

ಹುಬ್ಬಳ್ಳಿ ಟು ನಾರ್ಫಕ್:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ವಿಚಿತ್ರ ಪ್ರಶ್ನೆ, ಬೈಬೇಡಿ.

ನಾನು ಹುಬ್ಬಳ್ಳಿ ಕಡೆಯವನು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನ. ಐದು ವರ್ಷದಿಂದ ಇಂಗ್ಲೆಂಡಿನ ನಾರ್ಫಕ್‌ನ ಒಂದು ಸಣ್ಣ ಹಳ್ಳಿಯಲ್ಲಿದ್ದೇನೆ. ಭಾನುವಾರ ಇಲ್ಲಿನ ಚರ್ಚಿಗೆ ಹೋಗುತ್ತೇನೆ. ಹದಿನೈದು ಜನ ಬಂದರೆ ಅವತ್ತು ಜಾತ್ರೆ. ಅವರಲ್ಲಿ ನಾನೇ ಚಿಕ್ಕವನು, ನನಗೆ ನಲವತ್ತೆಂಟು. ಹೋದ ವರ್ಷ "ಸುಮ್ನೆ ಹೆಸರು ಕೊಡಿ, ಕೆಲಸ ಏನೂ ಇರಲ್ಲ" ಅಂತ ಹೇಳಿ ಪಿ.ಸಿ.ಸಿ.ಗೆ ಸೇರಿಸಿಕೊಂಡರು. ಅದು ಚರ್ಚಿನ ಆಡಳಿತ ಸಮಿತಿ.

ಈಗ ನಮ್ಮ ರೆಕ್ಟರ್, ಅಂದರೆ ಇಲ್ಲಿನ ಪಾದ್ರಿ, ನಿವೃತ್ತರಾಗುತ್ತಿದ್ದಾರೆ. ಆರು ಹಳ್ಳಿ, ಆರು ಚರ್ಚು, ಅವರೊಬ್ಬರೇ. ಹೊಸಬರು ಬರಬೇಕಾದರೆ ನಮ್ಮ ಪ್ಯಾರಿಷ್ (ಪಾದ್ರಿಗೆ ವಹಿಸಿದ ಪ್ರದೇಶ) ಹೇಗಿದೆ, ಎಂಥವರು ಬೇಕು ಅಂತ ಬರೆದು ಕೊಡಬೇಕಂತೆ. "ನೀನು ಆಫೀಸಿನಲ್ಲಿ ವರದಿ ಬರೆಯುವವನು" ಅಂತ ಅದನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ.

ಮೊದಲ ಸಭೆಯಲ್ಲಿ ಎಲ್ಲರೂ ಹೇಳಿದ್ದನ್ನು ಬರೆದುಕೊಂಡೆ. ಮನೆಮನೆಗೆ ಬರಬೇಕು. ಮಕ್ಕಳನ್ನು ಚರ್ಚಿಗೆ ಎಳೆದು ತರಬೇಕು. ಹಳೇ ಪ್ರಾರ್ಥನಾ ಪುಸ್ತಕ ಬಿಡಬಾರದು. ಹೊಸ ಹಾಡು ಕಲಿಸಬೇಕು. ಚಾವಣಿಗೆ ದುಡ್ಡು ಎತ್ತಬೇಕು. ಪ್ರಸಂಗ ಹತ್ತು ನಿಮಿಷ ದಾಟಬಾರದು. ನಾಯಿ ಸಾಕಿದ್ದರೆ ಒಳ್ಳೆಯದು.

ಊರಲ್ಲಿ ಸಭಾಪಾಲಕರನ್ನು ನೋಡಿಕೊಂಡು ಬೆಳೆದವನು ನಾನು. ರೆಕ್ಟರ್ ಅಂದರೂ ಅದೇನಾ? ಯಾವುದು ಅವರ ಜವಾಬ್ದಾರಿ, ಯಾವುದು ನಮ್ಮದು? ಗೊತ್ತಿದ್ದವರು ಹೇಳ್ರಿ.

ಕುಡ್ಲದ ಬಂಗುಡೆ:
ನಮ್ಮಲ್ಲಿ ರೆಕ್ಟರ್ ಅಂದ್ರೆ ಜೆಸ್ವಿಟ್ ಕಾಲೇಜಿನ ಮುಖ್ಯಸ್ಥರು, ಇಲ್ಲದಿದ್ದರೆ ಸೆಮಿನರಿಯವರು ಮಾರಾಯ್ರೆ. ಚರ್ಚಿನ ಪಾದ್ರಿಗಳಿಗೆ ಕೊಂಕಣಿಯಲ್ಲಿ ವಿಗಾರ್ ಅಂತೇವೆ. ಪಾಲನಾ ಮಂಡಳಿಗೆ ಅವರೇ ಅಧ್ಯಕ್ಷರು, ಉಪಾಧ್ಯಕ್ಷರು ನಮ್ಮಂಥ ಜನ. ಇಂಗ್ಲೆಂಡಿನಲ್ಲಿ ವಿಕಾರ್ ಅಂತಲೂ ಇದ್ದಾರಲ್ಲ, ಅವರು ಯಾರು ಹಾಗಾದ್ರೆ?

ತರಲೆ ತಿಮ್ಮ:
ವಿಕರ್ ಅನ್ನಿ ಬಂಗುಡೆಯವರೆ. ಇಳಿ ಕೊಟ್ಟರೆ ವಿಕಾರವಾಗುತ್ತೆ.

ಹಳೇಗಂಟೆ:
ನಾನು ಇಲ್ಲಿಗೆ ಬಂದು ಮೂವತ್ತು ವರ್ಷ. ಅದರಲ್ಲಿ ಏಳು ವರ್ಷ ಚರ್ಚ್‌ವಾರ್ಡನ್ ಆಗಿದ್ದೆ, ಅಂದರೆ ಊರಿನವರು ಆರಿಸುವ ಚರ್ಚಿನ ಮೇಲ್ವಿಚಾರಕ. ಎರಡು ಸಲ ರೆಕ್ಟರ್ ಇಲ್ಲದ ಚರ್ಚು ನಡೆಸಿದ್ದೇನೆ. ಆ ಹೊಟ್ಟೆಉರಿಯಲ್ಲೇ ಬರೆಯುತ್ತಿದ್ದೇನೆ.

ಮೊದಲು ಒಂದು ಗಂಟು ಬಿಡಿಸೋಣ. ಪ್ರೀಸ್ಟ್ ಅನ್ನುವುದು ದೀಕ್ಷೆ. ರೆಕ್ಟರ್ ಅನ್ನುವುದು ಹುದ್ದೆ. ಬಿಷಪ್ ತಲೆ ಮೇಲೆ ಕೈಯಿಟ್ಟಾಗ ಮನುಷ್ಯ ಪ್ರೀಸ್ಟ್ ಆಗುತ್ತಾನೆ. ಒಂದು ಪ್ಯಾರಿಷ್ ವಹಿಸಿಕೊಟ್ಟಾಗ ರೆಕ್ಟರ್ ಅಥವಾ ವಿಕರ್. ಇವತ್ತಿಗೆ ಇಬ್ಬರ ಕೆಲಸವೂ ಒಂದೇ.

ಹಾಗಾದರೆ ಎರಡು ಹೆಸರು ಯಾಕೆ? ಕಾಳು ಮತ್ತು ಕೋಳಿಮೊಟ್ಟೆಯ ಕಾರಣಕ್ಕೆ. ಹಿಂದೆ ಊರಿನ ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಚರ್ಚಿಗೆ ಕೊಡಬೇಕಿತ್ತು. ನಮ್ಮ ಸಭೆಗಳಲ್ಲಿ ದಶಮಾಂಶ ಅಂತಾರಲ್ಲ, ಅದೇ. ಆದರೆ ಇಲ್ಲಿ ಅದು ಮನಸ್ಸಿದ್ದರೆ ಕೊಡುವ ಕಾಣಿಕೆ ಆಗಿರಲಿಲ್ಲ, ಕಂದಾಯದ ಹಾಗೆ ವಸೂಲಿ. ಧಾನ್ಯ, ಹುಲ್ಲು, ಮರ ಇವು ದೊಡ್ಡ ದಶಮಾಂಶ. ಕುರಿಮರಿ, ಮೊಟ್ಟೆ, ತರಕಾರಿ ಇವು ಸಣ್ಣವು. ಎಲ್ಲವೂ ಯಾರಿಗೆ ಸೇರುತ್ತಿತ್ತೋ ಅವರು ರೆಕ್ಟರ್. ಎಷ್ಟೋ ಕಡೆ ಒಂದು ಮಠವೇ ರೆಕ್ಟರ್ ಆಗಿತ್ತು. ಮಠ ದೊಡ್ಡದನ್ನು ತಾನು ಇಟ್ಟುಕೊಂಡು, ಊರಿನ ಕೆಲಸಕ್ಕೆ ತನ್ನ ಬದಲಿಗೆ ಒಬ್ಬರನ್ನು ನೇಮಿಸಿ ಅವರಿಗೆ ಸಣ್ಣದನ್ನು ಬಿಡುತ್ತಿತ್ತು. ಆ ಬದಲಿ ಆಳೇ ವಿಕರ್. ಲ್ಯಾಟಿನ್‌ನಲ್ಲಿ ಆ ಮಾತಿನ ಅರ್ಥವೂ ಅದೇ. ಬಂಗುಡೆಯವರ ವಿಗಾರ್ ಕೂಡ ಅದೇ ಬೇರಿನದು, ಪೋರ್ಚುಗೀಸರ ಕಡೆಯಿಂದ ಬಂದದ್ದು.

8ನೇ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನೆಲ್ಲ ಮುಚ್ಚಿಸಿದ. ಮಠದ ಜಮೀನಿನ ಜೊತೆ ದಶಮಾಂಶದ ಹಕ್ಕೂ ಮಾರಾಟವಾಯಿತು. ಜಪ ಗೊತ್ತಿಲ್ಲದ ಜಮೀನ್ದಾರರು ರೆಕ್ಟರ್‌ಗಳಾದರು! 1836ರ ಕಾನೂನು ಕಾಳಿನ ಬದಲು ಹಣ ಅಂತ ಮಾಡಿತು. 1936ರ ಕಾನೂನಿನಿಂದ ಆ ವಸೂಲಿಯೂ ಹೋಯಿತು. ಹೆಸರು ಮಾತ್ರ ಉಳಿಯಿತು.

ನಿಮ್ಮ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ. ಈಗ ಒಲೆ ಮೇಲೆ ಸಾರಿದೆ.

ಅಡಿಟಿಪ್ಪಣಿ:
ಹಳೇಗಂಟೆ ಸರ್ ಹೇಳಿದ್ದು ಸರಿ. ಒಂದು ಬಾಲ ಸೇರಿಸುತ್ತೇನೆ. ಫಲ ತಿನ್ನುವವರು ಚಾವಣಿಯನ್ನೂ ನೋಡಿಕೊಳ್ಳಬೇಕು ಅನ್ನುವುದು ಹಳೇ ನಿಯಮ. ಜನ ಕೂರುವ ಭಾಗದ ದುರಸ್ತಿ ಊರಿನವರದು. ಬಲಿಪೀಠ ಇರುವ ಮುಂದಿನ ಭಾಗ, ಅಂದರೆ ಚಾನ್ಸೆಲ್, ಅದು ರೆಕ್ಟರ್‌ದು. ದಶಮಾಂಶ ಹೋದರೂ ಈ ಋಣ ಕೆಲವು ಹೊಲಗಳಿಗೆ ಅಂಟಿಕೊಂಡೇ ಉಳಿಯಿತು. ವಾರಿಕ್‌ಷೈರ್‌ನ ಆಸ್ಟನ್ ಕ್ಯಾಂಟ್ಲೊ ಅನ್ನುವ ಊರಲ್ಲಿ ಅಂಥ ಜಮೀನು ಇದ್ದ ದಂಪತಿಗೆ ಚಾನ್ಸೆಲ್ ರಿಪೇರಿಗೆ 1 ಲಕ್ಷ ಪೌಂಡ್ ಹತ್ತಿರ ಬಿಲ್ಲು ಬಂತು. ಕೋರ್ಟಿಗೆ ಹೋದರು. 2003ರಲ್ಲಿ ಆಗಿನ ಅತಿ ದೊಡ್ಡ ಕೋರ್ಟು ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ ಸೋತರು. ಖರ್ಚೆಲ್ಲ ಸೇರಿ ಮೊತ್ತ ಇನ್ನೂ ಬೆಳೆಯಿತು.

ನಮ್ಮ ಉಂಬಳಿ ನೆನಪಾಗುತ್ತದೆ. ದೇವರ ಕೆಲಸಕ್ಕೆ ಬಿಟ್ಟ ಜಮೀನು, ಅದರ ಜೊತೆ ಬಂದ ಹೊಣೆ. ರೆಕ್ಟರಿಗೂ ಅಂಥ ಜಮೀನು ಇರುತ್ತಿತ್ತು, ಗ್ಲೀಬ್ ಅನ್ನುತ್ತಿದ್ದರು. ಈಗ ಅದೆಲ್ಲ ಡಯಾಸಿಸ್ (ಬಿಷಪ್ ಆಡಳಿತದ ಪ್ರಾಂತ) ಕೈಯಲ್ಲಿದೆ.

ಹುಬ್ಬಳ್ಳಿ ಟು ನಾರ್ಫಕ್:
ಅಯ್ಯಪ್ಪಾ! ಮನೆ ತಗೊಳ್ಳುವಾಗ ಸಾಲಿಸಿಟರ್ "ಚಾನ್ಸೆಲ್ ಇನ್ಶೂರೆನ್ಸ್" ಅಂತ ಚೂರು ದುಡ್ಡು ತಗೊಂಡಿದ್ದರು. ಏನೋ ಬ್ಯಾಂಕಿನ ಗೋಳು ಅಂತ ಕೊಟ್ಟಿದ್ದೆ. ಇದಾ ಅದು?

ಅಡಿಟಿಪ್ಪಣಿ:
ಅದೇ. 2013ರ ಅಕ್ಟೋಬರ್ ಒಳಗೆ ಆ ಋಣವನ್ನು ಜಮೀನಿನ ದಾಖಲೆಯಲ್ಲಿ ಬರೆಸದಿದ್ದರೆ, ಆಮೇಲೆ ದುಡ್ಡು ಕೊಟ್ಟು ಕೊಂಡವರಿಗೆ ಅದು ತಟ್ಟುವುದಿಲ್ಲ. ನೀವು ನಿದ್ದೆ ಮಾಡಬಹುದು.

ಜರ್ಸಿ ಕನ್ನಡಿಗ:
ನಾನು ನ್ಯೂಜೆರ್ಸಿಯಲ್ಲಿ ಎಪಿಸ್ಕೋಪಲ್ ಚರ್ಚಿನ ವೆಸ್ಟ್ರಿಯಲ್ಲಿದ್ದೇನೆ, ನಿಮ್ಮ ಪಿ.ಸಿ.ಸಿ. ಥರದ ಸಮಿತಿ. ನಮ್ಮ ಚರ್ಚೂ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ ಬಳಗವೇ. ಇಲ್ಲಿ ದಶಮಾಂಶದ ಕಥೆಯೇ ಇಲ್ಲ. ತನ್ನ ಖರ್ಚು ತಾನೇ ತೂಗಿಸುವ ಪ್ಯಾರಿಷ್‌ಗೆ ರೆಕ್ಟರ್. ಬಿಷಪ್ ನೆರಳಲ್ಲಿ ನಡೆಯುವ ಸಣ್ಣ ಮಿಷನ್‌ಗೆ ವಿಕರ್. ರೆಕ್ಟರನ್ನು ಆರಿಸುವುದು ವೆಸ್ಟ್ರಿ, ಬಿಷಪ್ ಒಪ್ಪಿಗೆ ಬೇಕು. ಹಣಕಾಸು, ಆಸ್ತಿ ವೆಸ್ಟ್ರಿ ನೋಡುತ್ತದೆ. ಆರಾಧನೆ, ಸಂಗೀತ, ಕಟ್ಟಡ ಯಾವಾಗ ಯಾರು ಬಳಸಬೇಕು, ಇದೆಲ್ಲ ರೆಕ್ಟರ್ ಕೈಯಲ್ಲಿ. ಹೊಸದಾಗಿ ಸೇರಿದಾಗ ನಾನು "ನಾವು ತಾನೇ ಸಂಬಳ ಕೊಡೋದು, ನಾವು ಹೇಳಿದ ಹಾಗೆ ಕೇಳಬೇಕು" ಅಂದುಬಿಟ್ಟೆ. ಪಕ್ಕದಲ್ಲಿದ್ದ ಹಿರಿಯರು ಮೆಲ್ಲಗೆ ಮೊಣಕೈ ತಿವಿದರು. ನಾವು ಅವರನ್ನು ಕರೆತರಬಹುದು, ಬೇಡ ಅನಿಸಿದಾಗ ಕಳಿಸಲು ಆಗುವುದಿಲ್ಲ. ಬಿಷಪ್ ನಡುವೆ ಬರಲೇಬೇಕು.

ಹಳೇಗಂಟೆ:
ಸಾರು ಆಯಿತು. ಕೂತು ಬರೆಯುತ್ತೇನೆ, ಉದ್ದ ಆದರೆ ಕ್ಷಮಿಸಿ.

ಇಂಗ್ಲೆಂಡಿನ ಚರ್ಚ್ ನಿಯಮಗಳಲ್ಲಿ ಸಿ 24 ಅಂತ ಒಂದಿದೆ. ಪ್ಯಾರಿಷ್ ವಹಿಸಿಕೊಂಡ ಪ್ರೀಸ್ಟ್ ಏನು ಮಾಡಬೇಕು ಅಂತ ಅಲ್ಲಿದೆ. ದಿನಾ ಬೆಳಗ್ಗೆ ಸಂಜೆ ಪ್ರಾರ್ಥನೆ. ಭಾನುವಾರ ಪ್ರಭುಭೋಜನ, ಪ್ರಸಂಗ. ಮಕ್ಕಳಿಗೆ ಪಾಠ. ದೃಢೀಕರಣ ಅನ್ನುವ ಸಂಸ್ಕಾರಕ್ಕೆ ಸಿದ್ಧ ಮಾಡುವುದು. ಊರಿನವರ ಮನೆಗೆ, ಅದರಲ್ಲೂ ಕಾಯಿಲೆ ಬಿದ್ದವರ ಮನೆಗೆ ಹೋಗುವುದು. ಆಮೇಲೆ ಪಿ.ಸಿ.ಸಿ. ಜೊತೆ ಕೂತು ಮಾತಾಡುವುದು. ಚಾವಣಿಗೆ ಚಂದಾ ಎತ್ತಬೇಕು ಅಂತ ಎಲ್ಲೂ ಇಲ್ಲ. ಮನೆ ಭೇಟಿ ಇದೆ, ಆದರೆ ಚಹಾಕ್ಕೆ ಕರೆದಾಗಲೆಲ್ಲ ಬರಬೇಕು ಅಂತಿಲ್ಲ.

ಯಾರ ಕೈಲಿ ಏನಿದೆ ಅಂದರೆ, ಇದು ಹಳೇ ಕೂಡುಕುಟುಂಬದ ಹಾಗೆ. ಎಲ್ಲದಕ್ಕೂ ಒಬ್ಬೊಬ್ಬರ ಹತ್ತಿರ ಒಂದೊಂದು ಬೀಗದಕೈ. ಯಾವ ಹಾಡು ಹಾಡಬೇಕು ಅನ್ನುವುದರಲ್ಲಿ ರೆಕ್ಟರ್ ಮಾತೇ ಕೊನೆ. ಗಂಟೆ ಕೂಡ ಅವರ ಮಾತು ಮೀರಿ ಹೊಡೆಯುವಂತಿಲ್ಲ. ಆದರೆ ಬೆಳ್ಳಿ ಬಟ್ಟಲು, ಕುರ್ಚಿ, ಮೇಜು ಕಾನೂನಿನಲ್ಲಿ ಚರ್ಚ್‌ವಾರ್ಡನ್‌ಗಳ ಹೆಸರಿನಲ್ಲಿವೆ. ಹಣ ಮತ್ತು ಕಟ್ಟಡದ ನಿಗಾ ಪಿ.ಸಿ.ಸಿ.ದು. ರೆಕ್ಟರ್ ಅದರ ಅಧ್ಯಕ್ಷರು, ಆದರೆ ಚೆಕ್ಕಿಗೆ ಅವರೊಬ್ಬರೇ ಸಹಿ ಹಾಕಿ ಹಣ ತೆಗೆಯುವ ಹಾಗಿಲ್ಲ. ಒಂದು ಹಳೇ ಬೆಂಚು ತೆಗೆಯಬೇಕಾದರೂ ಡಯಾಸಿಸ್‌ನ ಚರ್ಚ್ ಕೋರ್ಟಿನಿಂದ ಅನುಮತಿ ಬೇಕು, ಅದಕ್ಕೆ ಫ್ಯಾಕಲ್ಟಿ ಅನ್ನುತ್ತಾರೆ. ನಮ್ಮಲ್ಲಿ ಒಂದು ಸಣ್ಣ ಅಡುಗೆಮನೆ ಮತ್ತು ಶೌಚಾಲಯ ಮಾಡಿಸಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಅದನ್ನು ಮೊದಲು ಕೇಳಿದ್ದ ಮುದುಕಿ ತೀರಿಕೊಂಡಳು.

ಅವರು ಯಾರ ನೌಕರರೂ ಅಲ್ಲ. 2015ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟು ಒಬ್ಬ ರೆಕ್ಟರ್ ಹಾಕಿದ್ದ ಕೇಸಿನಲ್ಲಿ ಅದನ್ನೇ ಹೇಳಿತು. ಮೊದಲು ಫ್ರೀಹೋಲ್ಡ್ ಅಂತ ಇತ್ತು, ರೆಕ್ಟರನ್ನು ಅಲ್ಲಾಡಿಸಲು ಆಗುತ್ತಿರಲಿಲ್ಲ. 2011ರ ಜನವರಿ ಕೊನೆಯಿಂದ ಹೊಸಬರಿಗೆ ಬೇರೆ ವ್ಯವಸ್ಥೆ ಬಂತು. ವರ್ಷಕ್ಕಿಷ್ಟು ರಜ, ಕೆಲಸದ ಪರಿಶೀಲನೆ, ದೂರು ಕೊಡುವ ದಾರಿ ಎಲ್ಲ ಬಂದವು. ಸಾಮಾನ್ಯವಾಗಿ 70ಕ್ಕೆ ನಿವೃತ್ತಿ. ಕೈಗೆ ಬರುವುದಕ್ಕೆ ಸಂಬಳ ಅನ್ನುವುದಿಲ್ಲ, ಸ್ಟೈಪೆಂಡ್ ಅನ್ನುತ್ತಾರೆ. 2024ರಲ್ಲಿ ವರ್ಷಕ್ಕೆ 28 ಸಾವಿರ ಪೌಂಡ್ ಆಸುಪಾಸು ಇತ್ತು. ಮನೆ ಬಿಟ್ಟಿ. ಮದುವೆ, ಅಂತ್ಯಕ್ರಿಯೆಯ ಫೀಸು ಅವರ ಜೇಬಿಗೆ ಹೋಗುತ್ತದೆ ಅಂತ ಊರಿನವರು ಅಂದುಕೊಂಡಿರುತ್ತಾರೆ. ಇಲ್ಲ. ಒಂದು ಪಾಲು ಡಯಾಸಿಸ್‌ಗೆ, ಒಂದು ಪಾಲು ಪಿ.ಸಿ.ಸಿ.ಗೆ.

ಇನ್ನೊಂದು. ಪಿ.ಸಿ.ಸಿ. ಸದಸ್ಯರು ಅಂದರೆ ಕಾನೂನಿನ ಪ್ರಕಾರ ನೀವು ಟ್ರಸ್ಟಿ. "ಕೆಲಸ ಏನೂ ಇರಲ್ಲ" ಅಂದವರು ಯಾರು ಅಂತ ಹುಡುಕಿ ಇಟ್ಟುಕೊಳ್ಳಿ.

ಹುಬ್ಬಳ್ಳಿ ಟು ನಾರ್ಫಕ್:
ಹುಡುಕಬೇಕಾಗಿಲ್ಲ ಸರ್, ದಿನಾ ನಮ್ಮ ಮನೆ ಮುಂದೆ ನಾಯಿ ಹಿಡಿದುಕೊಂಡು ಹೋಗುತ್ತಾರೆ.

ಲೆಸ್ಟರ್ ರಾಗಿಮುದ್ದೆ:
ನಾನು ಚರ್ಚಿಗೆ ಹೋಗುವವನಲ್ಲ. ನಮ್ಮದು ಹಿಂದೂ ಮನೆ. ಆದರೂ ಒಂದು ಹೇಳಬೇಕು ಅನಿಸಿತು.

ಮೂರು ವರ್ಷದ ಹಿಂದೆ ಅಪ್ಪ ನಮ್ಮನ್ನು ನೋಡಲು ಬಂದವರು ಇಲ್ಲೇ ಹೋಗಿಬಿಟ್ಟರು. ಆಸ್ಪತ್ರೆ, ಕಾಗದಪತ್ರ, ಊರಿಗೆ ಫೋನು, ನನಗೆ ಕೈಕಾಲು ಆಡುತ್ತಿರಲಿಲ್ಲ. ಎರಡನೇ ದಿನ ಬಾಗಿಲು ತಟ್ಟಿದ್ದು ಯಾರು ಅಂದರೆ ಬೀದಿ ತುದಿಯ ಚರ್ಚಿನವರು. ಕೊರಳಲ್ಲಿ ಬಿಳಿ ಪಟ್ಟಿ. ಧರ್ಮದ ಮಾತು ಎತ್ತಲಿಲ್ಲ. ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದರು. ಮಂಡ್ಯದ ಸಕ್ಕರೆ ಕಾರ್ಖಾನೆ ಅಂದೆ. ಅರ್ಧ ಗಂಟೆ ಕಬ್ಬಿನ ಬಗ್ಗೆ ಕೇಳಿಸಿಕೊಂಡರು. ಹೋಗುವಾಗ ಯಾವ ಯಾವ ಆಫೀಸಿಗೆ ಯಾವ ಕಾಗದ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ನಿಮ್ಮ ಚರ್ಚಿನವನಲ್ಲವಲ್ಲ ಅಂದಿದ್ದಕ್ಕೆ "ನೀವು ನನ್ನ ಪ್ಯಾರಿಷ್‌ನಲ್ಲಿದ್ದೀರಿ" ಅಂದರು. ಆಗ ಆ ಮಾತು ಅರ್ಥ ಆಗಿರಲಿಲ್ಲ.

ಹಳೇಗಂಟೆ:
ಲೆಸ್ಟರ್ ಅವರೆ, ನೀವು ಬರೆದದ್ದು ನಾನು ಬರೆದ ಅಷ್ಟುದ್ದಕ್ಕಿಂತ ಚೆನ್ನಾಗಿದೆ. ಇಲ್ಲಿ ಪ್ಯಾರಿಷ್ ಅಂದರೆ ಸದಸ್ಯರ ಪಟ್ಟಿ ಅಲ್ಲ. ನಕಾಶೆಯ ಮೇಲೆ ಎಳೆದ ಗೆರೆ. ಇಂಗ್ಲೆಂಡಿನ ಹೆಚ್ಚುಕಡಿಮೆ ಒಂದೊಂದು ಅಂಗುಲವೂ ಯಾವುದಾದರೂ ಒಂದು ಪ್ಯಾರಿಷ್‌ನಲ್ಲಿದೆ. ಗೆರೆಯೊಳಗೆ ಇರುವ ಎಲ್ಲರೂ ರೆಕ್ಟರ್ ಹೊಣೆ. ಚರ್ಚಿನ ಸ್ಮಶಾನ ತುಂಬಿಲ್ಲದಿದ್ದರೆ ಊರಿನವರಿಗೆ ಅಲ್ಲಿ ಮಣ್ಣಾಗುವ ಹಕ್ಕಿದೆ. ಅಲ್ಲಿನ ಚರ್ಚಿನಲ್ಲಿ ಮದುವೆಯಾಗುವ ಹಕ್ಕೂ ಇದೆ. ಭಾನುವಾರ ಬರುತ್ತಾರೋ ಇಲ್ಲವೋ ಅನ್ನುವ ಲೆಕ್ಕ ಇಲ್ಲ.

ಹೊಸ ರೆಕ್ಟರ್‌ಗೆ ಅಧಿಕಾರ ಕೊಡುವಾಗ ಬಿಷಪ್ ಹೇಳುವ ಮಾತು ಇದೆ. ಈ ಆತ್ಮಗಳ ಆರೈಕೆಯನ್ನು ತೆಗೆದುಕೊಳ್ಳಿ, ಇದು ನಿಮ್ಮದೂ ಹೌದು, ನನ್ನದೂ ಹೌದು. ಆ ಆರೈಕೆ ಊರಿಗೆಲ್ಲ. ಹುಬ್ಬಳ್ಳಿಯವರೆ, ನಿಮ್ಮ ಹದಿನೈದು ಜನ ತಮಗೆ ಏನು ಬೇಕು ಅಂತ ಹೇಳಿದ್ದಾರೆ. ಉಳಿದ ಊರನ್ನು ಕೇಳಿದಿರಾ?

ಹುಬ್ಬಳ್ಳಿ ಟು ನಾರ್ಫಕ್:
ಇಲ್ಲ ಸರ್. ಹೊಳೆಯಲೇ ಇಲ್ಲ.

ಸಭಾಪಾಲಕರ ಮಗಳು:
ಓದುತ್ತಾ ಇದ್ದೆ, ಸುಮ್ಮನಿರಲು ಆಗಲಿಲ್ಲ. ನಮ್ಮ ತಂದೆ ಸಿ.ಎಸ್.ಐ.ನಲ್ಲಿ ಸಭಾಪಾಲಕರಾಗಿದ್ದರು. ಊರಿನ ಹೆಸರು ಬೇಡ.

ವ್ಯತ್ಯಾಸ ಕೇಳಿದಿರಿ ಅಣ್ಣ. ದಕ್ಷಿಣ ಭಾರತದಲ್ಲಿ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಇನ್ನಿತರ ಸಭೆಗಳು ಕೂಡಿ ಸಿ.ಎಸ್.ಐ. ಆಯಿತು. ಅದರಲ್ಲಿ ರೆಕ್ಟರ್ ಎಂಬ ಹುದ್ದೆ ಇಲ್ಲ. ಬ್ರಿಟಿಷರ ಕಾಲದಲ್ಲೂ ಬೆಂಗಳೂರು ದಂಡಿನ ಚರ್ಚುಗಳಲ್ಲಿ ಇದ್ದವರು ಚಾಪ್ಲಿನ್‌ಗಳು, ಸರ್ಕಾರದ ಸಂಬಳದವರು. ಸೈನಿಕರಿಗೆ, ಅಧಿಕಾರಿಗಳಿಗೆ ಪ್ರಾರ್ಥನೆ ನಡೆಸುವುದು ಅವರ ಕೆಲಸ. ಇಂಗ್ಲೆಂಡಿನ ಹಾಗೆ ಹೊಲ, ದಶಮಾಂಶ, ಗೆರೆ ಹಾಕಿದ ಪ್ಯಾರಿಷ್ ನಮ್ಮಲ್ಲಿ ಬೇರು ಬಿಡಲಿಲ್ಲ. ಇನ್ನು ಮಂಗಳೂರು, ಧಾರವಾಡ ಕಡೆ ಸಭೆಗಳು ಬಾಸೆಲ್ ಮಿಷನ್ ಕಟ್ಟಿದ್ದು. ಅವರು 1834ರಲ್ಲಿ ಮಂಗಳೂರಿಗೆ ಬಂದವರು, ಆಂಗ್ಲಿಕನ್ನರೇ ಅಲ್ಲ. ಹಾಗಾಗಿ ನಮ್ಮ ಸಭಾಪಾಲಕರು ಸಭೆಯ ಪಾಲಕರು. ರೆಕ್ಟರ್ ಊರಿನ ಪಾಲಕರು. ಮುಖ್ಯವಾದ ವ್ಯತ್ಯಾಸ ಅದೇ ಅನಿಸುತ್ತೆ ನನಗೆ.

ಟ್ರಾನ್ಸ್‌ಫರ್ ಇನ್ನೊಂದು. ನಮ್ಮಲ್ಲಿ ಬಿಷಪ್ ಪಟ್ಟಿ ಹೊರಡಿಸುತ್ತಾರೆ, ಪಾರ್ಸನೇಜ್ ಖಾಲಿ ಮಾಡಬೇಕು. ನಾನು ಹತ್ತನೇ ತರಗತಿ ಒಳಗೆ ನಾಲ್ಕು ಶಾಲೆ ನೋಡಿದೆ. ಪ್ರತಿ ಸಲವೂ ಅಮ್ಮ ಸಾಸಿವೆ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಹಳೇ ಸೀರೆಯಲ್ಲಿ ಸುತ್ತುತ್ತಿದ್ದರು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ಹೇಳುತ್ತೇನೆ. ಅಪ್ಪ ಒಂದೇ ವಾರದಲ್ಲಿ ಒಂದು ಮಗುವನ್ನು ಮಣ್ಣು ಮಾಡಿ, ಒಂದು ಮದುವೆ ನಡೆಸಿ, ಸಮಿತಿ ಸಭೆಯಲ್ಲಿ ಮೈಕ್ ಸೆಟ್ ಜಗಳ ಬಿಡಿಸಿ, ಭಾನುವಾರ ಪ್ರಸಂಗ ಮಾಡಿದ್ದರು. ಅವತ್ತು ಮಧ್ಯಾಹ್ನ ಒಬ್ಬರು ಬಂದು "ಅಯ್ನೋರೇ, ಇವತ್ತು ಪ್ರಸಂಗದಲ್ಲಿ ಜೀವ ಇರಲಿಲ್ಲ" ಅಂದರು. ಅಪ್ಪ ನಕ್ಕರು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬಾವಿಕಟ್ಟೆ ಮೇಲೆ ಕೂತಿದ್ದರು. ನಾನು ಕಾಫಿ ತಗೊಂಡು ಹೋದೆ. "ಆ ಮಗುವಿನ ತೂಕ ಇನ್ನೂ ಕೈಯಲ್ಲಿದೆ ಮಗಾ" ಅಂದರು. ಬೇರೇನೂ ಹೇಳಲಿಲ್ಲ.

ಪತ್ರದಲ್ಲಿ ನೀವು ಅವರಿಗೆ ಏನು ಕೊಡುತ್ತೀರಿ ಅಂತಲೂ ಬರೆಯಿರಿ. ವಾರದಲ್ಲಿ ಒಂದು ದಿನ ಯಾರೂ ಫೋನ್ ಮಾಡಲ್ಲ ಅಂತ ಬರೆದರೂ ಸಾಕು.

ಕುಡ್ಲದ ಬಂಗುಡೆ:
ಅಕ್ಕಾ, ಕಣ್ಣಲ್ಲಿ ನೀರು ಬಂತು. ನಮ್ಮ ವಿಗಾರರಿಗೆ ನಾನೂ ಹೋದ ತಿಂಗಳು ಹಾಗೇ ಅಂದಿದ್ದೆ.

ತರಲೆ ತಿಮ್ಮ:
ಒಂದು ಪ್ರಾಮಾಣಿಕ ಪ್ರಶ್ನೆ, ತರಲೆ ಅಲ್ಲ. ಹಳೇ ಕಾಲದ ರೆಕ್ಟರ್‌ಗಳು ನಿಜವಾಗಿಯೂ ಕೆಲಸ ಮಾಡುತ್ತಿದ್ದರಾ? ಚಿತ್ರಗಳಲ್ಲಿ ನೋಡಿದರೆ ಬರೀ ಹೊಟ್ಟೆ, ಕುದುರೆ, ಟೀ.

ಅಡಿಟಿಪ್ಪಣಿ:
ಎರಡೂ ಇದ್ದರು. ನಾರ್ಫಕ್‌ನಲ್ಲೇ ವೆಸ್ಟನ್ ಲಾಂಗ್‌ವಿಲ್ ಅನ್ನುವ ಊರಲ್ಲಿ ಜೇಮ್ಸ್ ವುಡ್‌ಫೋರ್ಡ್ ಅನ್ನುವ ರೆಕ್ಟರ್ 1776ರಿಂದ 1803ರಲ್ಲಿ ಸಾಯುವ ತನಕ ಇದ್ದ. ದಿನಾ ಡೈರಿ ಬರೆಯುತ್ತಿದ್ದ. ಅದರಲ್ಲಿ ದೇವರಿಗಿಂತ ಊಟ ಜಾಸ್ತಿ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ರೈತರು ದಶಮಾಂಶದ ಹಣ ಕೊಡಲು ಬರುವ ದಿನ ಮನೆಯಲ್ಲಿ ಔತಣ. ಕುರಿ ತೊಡೆ, ಗೋಮಾಂಸ, ಪ್ಲಮ್ ಪುಡ್ಡಿಂಗ್, ಕುಡಿದಷ್ಟು ಮದ್ಯ. ಕೊಟ್ಟವರ ಹೊಟ್ಟೆ ತಣ್ಣಗಿರಲಿ ಅಂತ. ಅವನು ಕಳ್ಳಸಾಗಣೆಯವನಿಂದ ಚಹಾ ಕೊಂಡದ್ದನ್ನೂ ಸಂಕೋಚ ಇಲ್ಲದೆ ಬರೆದಿದ್ದಾನೆ! ಆದರೆ ಊರಿನ ಬಡವರಿಗೆ ಕೊಟ್ಟ ಚಿಲ್ಲರೆ, ಕ್ರಿಸ್‌ಮಸ್ ದಿನ ಬಡ ಮುದುಕರನ್ನು ಕರೆದು ಊಟ ಹಾಕಿದ್ದು, ಅದೂ ಅಲ್ಲೇ ಇದೆ.

ಹುಬ್ಬಳ್ಳಿಯವರಿಗೆ ಉಪಯೋಗಕ್ಕೆ ಬರುವ ಸಂಗತಿ: ಅವನಿಗೆ ಆ ಜಾಗ ಕೊಟ್ಟದ್ದು ಆಕ್ಸ್‌ಫರ್ಡಿನ ನ್ಯೂ ಕಾಲೇಜು. ರೆಕ್ಟರನ್ನು ಸೂಚಿಸುವ ಹಕ್ಕು ಇರುವವರಿಗೆ ಪೇಟ್ರನ್ ಅನ್ನುತ್ತಾರೆ. ಬಿಷಪ್, ರಾಜಮನೆತನ, ಕಾಲೇಜು, ಜಮೀನ್ದಾರ, ಯಾರೂ ಇರಬಹುದು. ಈಗಲೂ ಇದೆ. ಆದರೆ 1986ರ ನಿಯಮದ ಪ್ರಕಾರ ನಿಮ್ಮ ಪಿ.ಸಿ.ಸಿ. ಆರಿಸುವ ಪ್ರತಿನಿಧಿಗಳು ಒಪ್ಪದಿದ್ದರೆ ಪೇಟ್ರನ್ ಸೂಚಿಸಿದವರು ಸಾಮಾನ್ಯವಾಗಿ ಬರುವಂತಿಲ್ಲ. ಆ ಪ್ರತಿನಿಧಿಗಳು ಯಾರು ಅನ್ನುವುದು ನಿಮ್ಮ ಪತ್ರಕ್ಕಿಂತ ಮುಖ್ಯ.

ತರಲೆ ತಿಮ್ಮ:
ಇದು ಹೊಟ್ಟೆಯ ಕಡೆಯವರು. ಇನ್ನೊಂದು ಕಡೆಯವರು?

ಹಳೇಗಂಟೆ:
ಈಮ್. ಡರ್ಬಿಷೈರ್‌ನ ಬೆಟ್ಟದ ಊರು. ನಾನು ಎರಡು ಸಲ ಹೋಗಿದ್ದೇನೆ.

1665ರಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನ ಜೊತೆ ಅಲ್ಲಿಗೆ ಪ್ಲೇಗು ಬಂತು ಅನ್ನುತ್ತಾರೆ. ರೆಕ್ಟರ್ ವಿಲಿಯಂ ಮೊಂಪೆಸನ್. ಊರಿಗೆ ಹೊಸಬ, ಮೂವತ್ತೂ ಆಗಿರಲಿಲ್ಲ. ಜನಕ್ಕೆ ಅವನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಹಳೇ ಪಾದ್ರಿ ಥಾಮಸ್ ಸ್ಟಾನ್ಲಿ. ಆತ ಪ್ಯೂರಿಟನ್, ಹೊಸ ಪ್ರಾರ್ಥನಾ ಪುಸ್ತಕ ಒಪ್ಪದೆ ಕೆಲಸ ಕಳಕೊಂಡವನು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗಬಾರದು. ಆದರೆ ಮೊಂಪೆಸನ್ ತಾನೇ ಹೋಗಿ ಸ್ಟಾನ್ಲಿ ಜೊತೆ ಮಾತಾಡಿದ. ಇಬ್ಬರೂ ಸೇರಿ ಜನರನ್ನು ಒಪ್ಪಿಸಿದರು: ಊರಿನಿಂದ ಯಾರೂ ಹೊರಗೆ ಹೋಗುವುದು ಬೇಡ, ಸುತ್ತಲಿನ ಊರುಗಳಾದರೂ ಉಳಿಯಲಿ.

ಚರ್ಚಿನ ಬಾಗಿಲು ಮುಚ್ಚಿ, ಬಯಲಿನ ಕಣಿವೆಯಲ್ಲಿ ದೂರ ದೂರ ನಿಂತು ಪ್ರಾರ್ಥನೆ. ಗಡಿಯ ಕಲ್ಲಿನ ಕುಳಿಗಳಲ್ಲಿ ವಿನಿಗರ್ ಹಾಕಿ ಅದರೊಳಗೆ ನಾಣ್ಯ ಇಡುತ್ತಿದ್ದರು. ಹೊರಗಿನವರು ಅಲ್ಲಿ ಆಹಾರ ಇಟ್ಟು ನಾಣ್ಯ ತಗೊಂಡು ಹೋಗುತ್ತಿದ್ದರು. ಆ ಕಲ್ಲು ಈಗಲೂ ಇದೆ, ಕುಳಿಯಲ್ಲಿ ಬೆರಳಿಟ್ಟು ನೋಡಿದೆ. ಹದಿನಾಲ್ಕು ತಿಂಗಳಲ್ಲಿ ಸುಮಾರು 260 ಜನ ಸತ್ತರು. 1666ರ ಆಗಸ್ಟಿನಲ್ಲಿ ಅವನ ಹೆಂಡತಿ ಕ್ಯಾಥರೀನ್ ಕೂಡ. ಅವಳ ಸಮಾಧಿ ಚರ್ಚಿನ ಅಂಗಳದಲ್ಲಿದೆ.

ಜರ್ಸಿ ಕನ್ನಡಿಗ:
ಆದರೆ ಅವನು ತನ್ನ ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದ ಅಲ್ವಾ? ಊರಿನವರ ಮಕ್ಕಳು ಮಾತ್ರ ಒಳಗೇ ಇರಬೇಕಾಯಿತು. ನನಗೆ ಅದು ನುಂಗಲು ಆಗುವುದಿಲ್ಲ.

ಹಳೇಗಂಟೆ:
ಕಳಿಸಿದ್ದು ನಿಜ. ಗಡಿ ಹಾಕುವ ಮೊದಲು. ಹೆಂಡತಿಗೂ ಹೋಗು ಅಂದ, ಅವಳು ಒಪ್ಪಲಿಲ್ಲ. ನಾನು ಅವನನ್ನು ಸಂತ ಅನ್ನುತ್ತಿಲ್ಲ. ಆ ಕಲ್ಲಿನ ಹತ್ತಿರ ನಿಂತಾಗ ನನಗೂ ಅದೇ ಯೋಚನೆ ಬಂತು. ಆದರೆ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಅವನು ತನ್ನ ಮಾತು ನಡೆಯುವುದಿಲ್ಲ ಅಂತ ಗೊತ್ತಾದಾಗ ತನಗಿಂತ ಹೆಚ್ಚು ಮಾತು ನಡೆಯುವವನ ಮನೆ ಬಾಗಿಲಿಗೆ ಹೋದ. ನಾನು ಕಂಡ ನಾಲ್ಕು ರೆಕ್ಟರ್‌ಗಳಲ್ಲಿ ಅದನ್ನು ಮಾಡಬಲ್ಲವರು ಒಬ್ಬರೇ ಇದ್ದರು. ಆಕೆ ಬಂದು ಮೊದಲ ತಿಂಗಳು ಏನೂ ಬದಲಾಯಿಸಲಿಲ್ಲ. ಹೂವು ಜೋಡಿಸುವ ಮುದುಕಿಯರ ಜೊತೆ ಕೂತು ದಂಟು ಕತ್ತರಿಸಿದರು, ಅಷ್ಟೇ.

ಸಭಾಪಾಲಕರ ಮಗಳು:
ಆಕೆ ಅಂದಿರಿ. ಇಂಗ್ಲೆಂಡಿನ ಚರ್ಚ್ ಹೆಂಗಸರಿಗೆ ಪ್ರೀಸ್ಟ್ ದೀಕ್ಷೆ ಕೊಡಲು ಶುರು ಮಾಡಿದ್ದು 1994ರಲ್ಲಿ. ನಮ್ಮ ಸಿ.ಎಸ್.ಐ. 1976ರಲ್ಲೇ ಕೊಟ್ಟಿತ್ತು. ಮಹಿಳಾ ಬಿಷಪ್ ಕೂಡ ಇಂಗ್ಲೆಂಡಿಗಿಂತ ಮೊದಲು ನಮ್ಮಲ್ಲೇ, 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು. ಇಂಗ್ಲೆಂಡಿಗೆ 2015ರ ತನಕ ಕಾಯಬೇಕಾಯಿತು. ಸುಮ್ನೆ ಹೇಳಿದೆ.

ಕುಡ್ಲದ ಬಂಗುಡೆ:
ಅವರನ್ನು ಕರೆಯುವುದು ಹೇಗೆ? ಅಯ್ನೋರು ಅನ್ನಲಿಕ್ಕಾಗುವುದಿಲ್ಲ. ಅಮ್ಮನವರು ಅಂದರೆ ಪಾಸ್ಟರ್ ಹೆಂಡತಿ.

ತರಲೆ ತಿಮ್ಮ:
ರೆಕ್ಟರಮ್ಮ.

ಹುಬ್ಬಳ್ಳಿ ಟು ನಾರ್ಫಕ್:
ಐದು ವಾರ ಆಯಿತು. ಎಲ್ಲರಿಗೂ ಒಂದು ಲೆಕ್ಕ ಒಪ್ಪಿಸಬೇಕು.

ನಿಮ್ಮ ಮಾತು ಕೇಳಿ ಊರನ್ನು ಕೇಳಲು ಹೋದೆ. ಶಾಲೆಯ ಹೆಡ್‌ಮಾಸ್ಟರ್, ಪಬ್ಬಿನವರು, ಪೋಲೆಂಡಿನಿಂದ ಬಂದು ಹೊಲದಲ್ಲಿ ದುಡಿಯುವ ಇಬ್ಬರು ಹುಡುಗರು, ಹಾಸಿಗೆ ಹಿಡಿದ ಒಬ್ಬ ಅಜ್ಜ. ಚರ್ಚಿಗೆ ಬರುವವರು ಇವರಲ್ಲಿ ಯಾರೂ ಇಲ್ಲ. ರೆಕ್ಟರ್ ಯಾಕೆ ಬೇಕು ಅಂತ ಕೇಳಿದೆ. ಪಬ್ಬಿನವರು ಹೇಳಿದ್ದು: "ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೆ ಯಾಕೆ ಅಂತ ಕೇಳದೆ ಬರುವ ಒಬ್ಬರು ಊರಲ್ಲಿ ಇರಬೇಕು." ಅದನ್ನು ಹಾಗೇ ಪತ್ರದಲ್ಲಿ ಹಾಕಿದೆ. ಅಜ್ಜ ಕೇಳಿದ್ದು ನನ್ನ ಹೆಂಡತಿಯ ಪಕ್ಕದಲ್ಲಿ ನನಗೆ ಜಾಗ ಇದೆಯಾ ಅಂತ. ಪುಸ್ತಕ ನೋಡಿದೆವು, ಇದೆ.

ಪಿ.ಸಿ.ಸಿ.ಯಲ್ಲಿ ಜಗಳ ಆಯಿತು. ಹಾಡು, ಪುಸ್ತಕ, ಹತ್ತು ನಿಮಿಷದ ಪ್ರಸಂಗ ಎಲ್ಲ ತೆಗೆದೆ. ಚಾವಣಿಯನ್ನು "ಇದು ನಮ್ಮ ಕೆಲಸ" ಅನ್ನುವ ಸಾಲಿನ ಕೆಳಗೆ ಹಾಕಿದೆ. ಅದಕ್ಕೆ ಖಜಾಂಚಿ ಮುಖ ಊದಿಸಿಕೊಂಡರು. ನಾಯಿ ಮಾತ್ರ ಉಳಿಯಿತು, ಬಹುಮತ ಇತ್ತು. ಅಕ್ಕಾ, ಶುಕ್ರವಾರ ಯಾರೂ ಫೋನ್ ಮಾಡಬಾರದು ಅಂತಲೂ ಬರೆದೆ. "ಯಾರಾದರೂ ಸತ್ತರೆ?" ಅಂತ ಒಬ್ಬರು ಕೇಳಿದರು. ಚರ್ಚ್‌ವಾರ್ಡನ್‌ಗೆ ಮಾಡಿ ಅಂದೆ.

ಹಳೇಗಂಟೆ:
ಚರ್ಚ್‌ವಾರ್ಡನ್ ಏನಂದರು?

ಹುಬ್ಬಳ್ಳಿ ಟು ನಾರ್ಫಕ್:
ಅವರೇ ನಾಯಿಯವರು. ಏನೂ ಅನ್ನಲಿಲ್ಲ.

ಹುಬ್ಬಳ್ಳಿ ಟು ನಾರ್ಫಕ್:
ಹಳೇ ಚರ್ಚೆ ಮೇಲೆ ತರುತ್ತಿದ್ದೇನೆ, ಕ್ಷಮಿಸಿ. ಹನ್ನೊಂದು ತಿಂಗಳು ಖಾಲಿ ಇತ್ತು. ಮೊದಲ ಜಾಹೀರಾತಿಗೆ ಒಂದೂ ಅರ್ಜಿ ಇಲ್ಲ. ಎರಡನೆಯದಕ್ಕೆ ಎರಡು. ನಿನ್ನೆ ಸಂಜೆ ಹೊಸ ರೆಕ್ಟರಮ್ಮ ಬಂದರು. ಮೊದಲು ನರ್ಸ್ ಆಗಿದ್ದವರು. ನಾಯಿ ಇಲ್ಲ, ಎರಡು ಬೆಕ್ಕಿವೆ.

ಬಿಷಪ್ ಆ ಮಾತು ಹೇಳಿದರು, ನಿಮ್ಮದೂ ಹೌದು ನನ್ನದೂ ಹೌದು ಅನ್ನುವುದು. ಆಮೇಲೆ ಆರ್ಚ್‌ಡೀಕನ್ (ಬಿಷಪ್ ಕೈಕೆಳಗಿನ ಹಿರಿಯ ಪಾದ್ರಿ) ರೆಕ್ಟರಮ್ಮನ ಕೈ ಹಿಡಿದು ಚರ್ಚಿನ ಬಾಗಿಲ ಹಿಡಿಕೆ ಮೇಲೆ ಇಟ್ಟರು. ಹೊಸ ಮನೆಗೆ ಸೊಸೆಯನ್ನು ಕರಕೊಂಡು ಬಂದ ಹಾಗಿತ್ತು, ಸೇರೊಂದು ಇರಲಿಲ್ಲ ಅಷ್ಟೇ. ಪಬ್ಬಿನವರು ಕೋಟು ಹಾಕಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅಜ್ಜ ಮಾರ್ಚಿನಲ್ಲೇ ಹೋದರು. ಪಕ್ಕದ ಊರಿನ ನಿವೃತ್ತ ಪಾದ್ರಿಯೊಬ್ಬರು ಬಂದು ಮಣ್ಣು ಮಾಡಿಕೊಟ್ಟರು, ಅದೇ ಜಾಗದಲ್ಲಿ.

ಕೊನೆಗೆ ಹೊಸಬರು ತಾವೇ ಗಂಟೆ ಹೊಡೆಯಬೇಕು. ಎಷ್ಟು ಸಲ ಹೊಡೆಯುತ್ತಾರೋ ಅಷ್ಟು ವರ್ಷ ಇರುತ್ತಾರೆ ಅಂತ ಇಲ್ಲಿ ನಂಬಿಕೆ. ಇಡೀ ಚರ್ಚು ಉಸಿರು ಬಿಗಿ ಹಿಡಿದು ಎಣಿಸುತ್ತಿತ್ತು. ನನ್ನ ಲೆಕ್ಕಕ್ಕೆ ಒಂಬತ್ತು. ಖಜಾಂಚಿ ಎಂಟು ಅನ್ನುತ್ತಾರೆ, ಕೊನೆಯದು ಹಗ್ಗ ಬಿಟ್ಟಾಗ ತಾನೇ ಆದದ್ದಂತೆ.